ಆಯಿಯ ಎಡ ಅಂಗೈ

ನಮ್ಮ ಮನೆಯಲ್ಲಿ ಬೆಳಿಗ್ಗೆ ಮೊದಲು ಹೊಟ್ಟೆ ತುಂಬುತ್ತಿದ್ದದ್ದು ಎಮ್ಮೆಗಳಿಗೆ, ಕೊನೆಗೆ ಅವ್ವನಿಗೆ. ನಡುವೆ ಅಪ್ಪ, ನಾನು, ಹೊಲಕ್ಕೆ ಬಂದ ಆಳುಗಳು. ಆಯಿ ಮಾತ್ರ ಈ ಸಾಲಿನಲ್ಲಿ ಇರಲಿಲ್ಲ. ಆಯಿ ಎಂದರೆ ಅಪ್ಪನ ತಾಯಿ. ಹಳಿಯಾಳದ ಕಡೆ ನಮ್ಮಂಥ ಮನೆಗಳಲ್ಲಿ ಅಜ್ಜಿಯನ್ನು ಹಾಗೆಯೇ ಕರೆಯುತ್ತೇವೆ. ಅವಳು ಜಳಕ ಮಾಡಿ, ಅಡುಗೆಮನೆಯಲ್ಲಿ ಮೂಡಣಕ್ಕೆ ಮುಖ ಮಾಡಿ ಮಣೆಯ ಮೇಲೆ ಕೂತು, ಕೊರಳಿನ ಬೆಳ್ಳಿ ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಂಡು ಪೂಜೆ ಮುಗಿಸುವ ತನಕ ಬಾಯಿಗೆ ಒಂದು ಹನಿ ನೀರು ಹಾಕುತ್ತಿರಲಿಲ್ಲ. ನೆಂಟರು ಬಂದಿರಲಿ, ಜ್ವರ ಇರಲಿ, ಮನೆಯಲ್ಲಿ ಎಮ್ಮೆ ಈಯುತ್ತಿರಲಿ, ಅದು ತಪ್ಪುತ್ತಿರಲಿಲ್ಲ. ಚಹಾದ ವಾಸನೆ ಮೂಗಿಗೆ ಬಡಿಯುವಷ್ಟು ಹತ್ತಿರದಲ್ಲಿ ಕೂತು ಅವಳು ಲಿಂಗದ ಮೇಲೆ ನೀರು ಬಿಡುವುದನ್ನು, ವಿಭೂತಿ ಹಚ್ಚುವುದನ್ನು, ಒಂದು ಪತ್ರಿ ಏರಿಸಿ ಕಣ್ಣು ಮಿಟುಕಿಸದೆ ಅದನ್ನೇ ನೋಡುತ್ತ ಕೂರುವುದನ್ನು ನಾನು ಬಾಲ್ಯವಿಡೀ ಕಂಡಿದ್ದೇನೆ. ಅಷ್ಟು ಹೊತ್ತು ಅವ್ವ ಪಾತ್ರೆಗಳನ್ನೂ ಸದ್ದಾಗದಂತೆ ಇಡುತ್ತಿದ್ದಳು.

ಮನೆ ಉದ್ದಕ್ಕೆ ಇತ್ತು. ಮುಂದೆ ದನ ಕಟ್ಟುವ ಜಾಗ, ಎರಡು ಮೆಟ್ಟಿಲು ಹತ್ತಿದರೆ ಪಡಸಾಲೆ, ಆಮೇಲೆ ನಡುಮನೆ, ಅಡುಗೆಮನೆ, ಬಚ್ಚಲು, ಹಿತ್ತಲು. ಬಾಗಿಲುಗಳೆಲ್ಲ ಒಂದೇ ಸಾಲಿನಲ್ಲಿ ಇದ್ದುದರಿಂದ ಅಪ್ಪ ಪಡಸಾಲೆಯಲ್ಲಿ ಸಿಟ್ಟಾದರೆ ಹಿತ್ತಲಲ್ಲಿ ಪಾತ್ರೆ ತಿಕ್ಕುವ ಅವ್ವನಿಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಅಪ್ಪ ಸಿಟ್ಟಿನ ಮನುಷ್ಯ, ಆದರೆ ಅದಕ್ಕಿಂತ ದೊಡ್ಡ ರೋಗ ಒಂದಿತ್ತು, ಅದು ಮನೆಮಂದಿಗೆಲ್ಲ ಹಬ್ಬಿತ್ತು. ನಾವು ಯಾರನ್ನೂ ಏನನ್ನೂ ಕೇಳುತ್ತಿರಲಿಲ್ಲ. ಕೇಳಿದರೆ ಸಣ್ಣವರಾಗುತ್ತೇವೆ ಎಂಬ ಒಂದು ಗತ್ತು. ಅಪ್ಪ ಹಳಿಯಾಳದ ಬಸ್‌ಸ್ಟ್ಯಾಂಡಿನಲ್ಲಿ ಬೋರ್ಡಿಲ್ಲದ ಬಸ್ಸು ಹತ್ತಿ ದಾಂಡೇಲಿ ದಾರಿಯಲ್ಲಿ ಅರ್ಧ ಹೋದ ಮೇಲೆ ಇಳಿದು ನಡೆದುಕೊಂಡು ಬಂದದ್ದುಂಟು, ಪಕ್ಕದವನನ್ನು ಕೇಳಲಿಲ್ಲ. ಹಾಗಂತ ಅದನ್ನು ಮನೆಯಲ್ಲಿ ಹೇಳಿಯೂ ಇರಲಿಲ್ಲ, ಬೇರೆ ಯಾರೋ ಹೇಳಿ ಗೊತ್ತಾಯಿತು. ನಾವು ನಗುವುದಕ್ಕೂ ಹೆದರಿದೆವು.

ನನಗೆ ಒಂಬತ್ತು ವರ್ಷವಾದಾಗ ನಮ್ಮ ಮಠದ ಅಯ್ಯನವರು ಬಂದು ನನ್ನ ಕೊರಳಿಗೂ ಲಿಂಗ ಕಟ್ಟಿದರು. ಹಿಡಿಯುವುದನ್ನು ಕಲಿಸಿದವಳು ಆಯಿ. ಮೊಣಕೈ ಸೊಂಟಕ್ಕೆ ತಾಗಿರಬೇಕು, ಅಂಗೈ ಮೇಲಾಗಿ ಒಂದು ಸಣ್ಣ ತಾಟಿನಂತೆ ಇರಬೇಕು, ಬೆರಳು ಸ್ವಲ್ಪ ಎತ್ತಿರಬೇಕು, ಎದೆಯ ಮಟ್ಟಕ್ಕೆ ಬಂದ ಮೇಲೆ ಅಲ್ಲಾಡಬಾರದು. ನಾನು ಒಂದು ದಿನ ಅವಸರಕ್ಕೆ ಬಲಗೈಯಲ್ಲಿ ಹಿಡಿದಾಗ ಅವಳು ಬೈಯಲಿಲ್ಲ, ನಿಧಾನವಾಗಿ ಲಿಂಗವನ್ನು ಎಡಗೈಗೆ ದಾಟಿಸಿದಳು.

"ಬಲಗೈ ದುಡಿಯೂ ಕೈ, ಯವ್ವಾ. ಎಡಗೈ ಗದ್ದಿಗಿ. ಗದ್ದಿಗಿ ಮ್ಯಾಲ ಕುಂದರಸೂದು, ದುಡಿಯೂ ಕೈಲೆ ಸೇವಾ ಮಾಡೂದು."

ಅವಳ ಎಡ ಅಂಗೈಯ ನಡುವೆ, ನೀರು ನಿಂತು ನಿಂತು, ಚರ್ಮ ಬೇರೆ ಕಡೆಗಿಂತ ನುಣುಪಾಗಿತ್ತು. ರೊಟ್ಟಿ ಬಡಿದು ಬಡಿದು ಬಲಗೈ ಗಡುಸಾಗಿದ್ದ ಹೆಂಗಸಿನ ಮೈಯಲ್ಲಿ ಅಷ್ಟು ಮೆತ್ತಗಿನ ಜಾಗ ಅದೊಂದೇ.

ಮರುವರ್ಷ, ಕಬ್ಬು ಕಡಿಯುವ ಕಾಲ ಶುರುವಾಗುವುದರಲ್ಲಿತ್ತು. ಒಂದು ಬೆಳಿಗ್ಗೆ ಆಯಿ ಬಚ್ಚಲಲ್ಲಿ ಜಳಕ ಮುಗಿಸಿ ಒದ್ದೆ ಸೀರೆಯಲ್ಲೇ ಎದ್ದು, ಸಾಬೂನಿನ ನೀರು ಹರಿದ ಕಲ್ಲಿನ ಮೇಲೆ ಕಾಲಿಟ್ಟಳು. ಮುಂದಕ್ಕೆ ಬೀಳುವಾಗ ಯಾರಾದರೂ ಮಾಡುವಂತೆ ಎಡಗೈ ಚಾಚಿದಳು. ನಾನು ಓಡಿಹೋದಾಗ ಅವಳು ಗೋಡೆಗೆ ಒರಗಿ ಕೂತಿದ್ದಳು. ಎಡ ಮಣಿಕಟ್ಟು ಒಂದು ಕಡೆ ಉಬ್ಬಿ ಮುಂದೆ ತಗ್ಗಿ, ಸೌಟಿನ ಕುತ್ತಿಗೆಯ ಹಾಗೆ ಕಾಣುತ್ತಿತ್ತು. ಕೈ ನೋವೆಂದು ಅವಳು ಕೂಗಲಿಲ್ಲ. ಬಲಗೈಯಿಂದ ಕೊರಳು ತಡವಿ ಕರಡಿಗೆ ಇದೆಯೋ ಇಲ್ಲವೋ ನೋಡಿಕೊಂಡಳು, ಆಮೇಲೆ ಅವ್ವನನ್ನು ಕರಿ ಎಂದಳು.

ನಮ್ಮೂರಲ್ಲಿ ಕೈಕಾಲು ಮುರಿದರೆ ಮುಂಡಗೋಡ ಕಡೆಯ ಇಂದೂರಿನಲ್ಲಿ ಕಟ್ಟುವವನೊಬ್ಬನಿದ್ದ, ಅವನ ಹತ್ತಿರ ಒಯ್ಯುತ್ತಿದ್ದರು. ಬಿದಿರಿನ ಸೀಳು, ಬಟ್ಟೆ, ಯಾವುದೋ ಸೊಪ್ಪು, ಮತ್ತು ಕೋಳಿಮೊಟ್ಟೆಯ ಬಿಳಿಲೋಳೆ. ಅವನು ಕಟ್ಟಿದ ಎಷ್ಟೋ ಕೈಗಳು ಊರಲ್ಲಿ ಕುಡಗೋಲು ಹಿಡಿದು ದುಡಿಯುತ್ತಿದ್ದವು, ಕೆಲವು ಸೊಟ್ಟಗೂ ಇದ್ದವು. ಅಪ್ಪ ಅಲ್ಲಿಗೇ ಹೋಗುವುದೆಂದು ಜೀಪು ಹೇಳಿ ಬಂದ. ಆಯಿ ನೋವಿನಲ್ಲಿ ತುಟಿ ಕಚ್ಚಿಕೊಂಡು ಕೂತಿದ್ದವಳು, ಇಂದೂರಿನ ಹೆಸರು ಕೇಳಿ ತಲೆ ಎತ್ತಿದಳು.

"ತತ್ತಿ ಹಚ್ಚಿದ ಕೈಯಾಗ ನಾ ಲಿಂಗ ಹಿಡೀಲೇನು? ಎಲ್ಲೆರ ಒಯ್ಯಿ, ಅಲ್ಲಿ ಬ್ಯಾಡ."

ನಮ್ಮ ಮನೆತನದಲ್ಲಿ ಮೊದಲ ಬಾರಿ ಎಲುಬಿನ ಡಾಕ್ಟರ ಬಾಗಿಲು ಕಂಡದ್ದು ಹೀಗೆ. ಅವರ ಮೇಲೆ ನಂಬಿಕೆ ಇತ್ತು ಅಂತಲ್ಲ, ಅವರು ತತ್ತಿ ಹಚ್ಚುವುದಿಲ್ಲ ಅಂತ.

ಹಳಿಯಾಳದಲ್ಲಿ ಮಹಡಿಯ ಮೇಲಿನ ಸಣ್ಣ ಆಸ್ಪತ್ರೆ. ಡಾಕ್ಟರು ಧಾರವಾಡದ ಕಡೆಯವರು, ತಾಳ್ಮೆಯ ಮನುಷ್ಯ. ಎಕ್ಸರೇ ತೆಗೆಸಿ, ಆ ಕಪ್ಪು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಅಪ್ಪನಿಗೆ ತೋರಿಸಿದರು. ಮುಂಗೈಯಲ್ಲಿ ಎರಡು ಎಲುಬು, ಹೆಬ್ಬೆರಳಿನ ಕಡೆಯದು ಮಣಿಕಟ್ಟಿನ ಹತ್ತಿರ ಅಗಲವಾಗಿರುತ್ತದೆ, ಕೈಯೂರಿ ಬಿದ್ದರೆ ಭಾರವೆಲ್ಲ ಅದರ ಮೇಲೆ, ಅದು ಮುರಿದು ತುದಿ ಹಿಂದಕ್ಕೆ ವಾಲಿದೆ. ನನಗೆ ಆಯಿಯ ಒಳಗಿನ ಎಲುಬನ್ನು ನೋಡುವುದು ಏನೋ ತಪ್ಪು ಅನ್ನಿಸಿತು, ಆದರೂ ನೋಡಿದೆ. ಮರಗಟ್ಟುವ ಸೂಜಿ ಹಾಕಿ, ಒಬ್ಬರು ಮೊಣಕೈ ಹಿಡಿದರು, ಡಾಕ್ಟರು ಬೆರಳು ಹಿಡಿದು ಎಳೆದು ಎಲುಬನ್ನು ಜಾಗಕ್ಕೆ ಕೂಡಿಸಿದರು. ಆಮೇಲೆ ಅಂಗೈ ಕೆಳಮುಖ ಮಾಡಿ, ಮಣಿಕಟ್ಟು ಸ್ವಲ್ಪ ಕೆಳಗೆ ಬಾಗಿಸಿ, ಹಸಿ ಪ್ಲಾಸ್ಟರು ಸುತ್ತಿದರು. ಅಂಗೈಯ ಮುಕ್ಕಾಲು ಭಾಗ ಅದರೊಳಗೆ ಹೋಯಿತು. ಬೆರಳುಗಳು ಮಾತ್ರ ಹೊರಗೆ.

ಆರು ವಾರ ಇದು ಹೀಗೆಯೇ ಇರಬೇಕು ಎಂದರು. ಕೈ ಎತ್ತರದಲ್ಲಿ ಇಟ್ಟುಕೊಳ್ಳಬೇಕು, ಬೆರಳು ಆಡಿಸುತ್ತಿರಬೇಕು, ಬೆರಳು ನೀಲಿಯಾದರೆ ಅಥವಾ ಜೋಮು ಹಿಡಿದರೆ ಕೂಡಲೇ ಬರಬೇಕು, ನೀರು ತಾಗಿಸಬಾರದು, ನೀರು ತಾಗಿದರೆ ಪ್ಲಾಸ್ಟರು ಮೆತ್ತಗಾಗಿ ಕಳಚುತ್ತದೆ, ಒಂದು ವಾರಕ್ಕೆ ಮತ್ತೆ ಫೋಟೋ ತೆಗೆಸಬೇಕು. ಪ್ರತಿ ಮಾತಿಗೂ ಅಪ್ಪ "ಹೂಂ ರೀ" ಎಂದ. ಆಯಿಯೂ "ಹೂಂ ರೀ" ಎಂದಳು. ಏನಾದರೂ ಕೇಳುವುದಿದೆಯಾ ಎಂದು ಡಾಕ್ಟರೇ ಕೇಳಿದರು. ಆಯಿ ಕೆಳಮುಖವಾದ ತನ್ನ ಅಂಗೈಯನ್ನು ನೋಡುತ್ತಿದ್ದಳು. ಇಲ್ಲ ಎಂದು ತಲೆ ಆಡಿಸಿದಳು. ಆ ತಲೆ ಆಡಿಸುವಿಕೆಯನ್ನು ನಾನು ಬದುಕಿನಲ್ಲಿ ಎಷ್ಟು ಸಲ ನೆನೆಸಿದ್ದೇನೋ ಲೆಕ್ಕವಿಲ್ಲ.

ಮರುದಿನ ಬೆಳಿಗ್ಗೆ ಅವ್ವ ಪ್ಲಾಸ್ಟರಿಗೆ ಚೀಲ ಕಟ್ಟಿ ಜಳಕ ಮಾಡಿಸಿದಳು. ಆಯಿ ಮಣೆಯ ಮೇಲೆ ಕೂತಳು. ಕರಡಿಗೆಯನ್ನು ಬಲಗೈಯಿಂದ ತೆರೆದಳು, ಲಿಂಗವನ್ನು ಬಲ ಅಂಗೈಗೇ ತೆಗೆದುಕೊಂಡಳು, ಆಮೇಲೆ ಏನು ಮಾಡಬೇಕೆಂದು ತಿಳಿಯದೆ ಹಾಗೆಯೇ ಕೂತಳು. ಎಡಗೈಯ ಬೆರಳಲ್ಲಿ ಒಂದು ಪತ್ರಿ ಹಿಡಿಯಲೂ ಆಗಲಿಲ್ಲ. ನಾನು ನೀರು ಬಿಟ್ಟೆ, ನಾನೇ ವಿಭೂತಿ ಹಚ್ಚಿದೆ. ಅವಳು ಲಿಂಗವನ್ನು ಕಣ್ಣಿಗೆ ಒತ್ತಿಕೊಂಡು ಒಳಗಿಟ್ಟಳು. ಊಟಕ್ಕೆ ಕೂತಾಗ ಅರ್ಧ ರೊಟ್ಟಿ ಮುರಿದು ತಾಟಿನಲ್ಲೇ ಬಿಟ್ಟು ಎದ್ದಳು. ಎರಡನೇ ದಿನ ಕಾಲು ರೊಟ್ಟಿ. ಮೂರನೇ ದಿನ ಹಸಿವಿಲ್ಲ ಎಂದಳು. ಆಮೇಲಾಮೇಲೆ ಒಂದು ಬಟ್ಟಲು ಮಜ್ಜಿಗೆ, ಅದೂ ಅವ್ವ ಕಣ್ಣೀರು ಹಾಕಿದ್ದಕ್ಕೆ. ಅಪ್ಪ ಪಡಸಾಲೆಯಿಂದ ಕೂಗಾಡಿದ. ಉಪವಾಸ ಕೆಡವುವ ದೇವರು ಯಾವ ದೇವರು, ಎಲುಬು ಕೂಡಬೇಕಾದರೆ ಮೈಯಲ್ಲಿ ಅನ್ನ ಬೇಡವೇ ಎಂದ. ಮಾತು ಸರಿಯೇ ಇತ್ತು, ಕೂಗಿ ಹೇಳಿದ್ದರಿಂದ ಯಾರಿಗೂ ಹಿಡಿಸಲಿಲ್ಲ. ನನಗಂತೂ ಅವನ ಮೇಲೆ ಕೆಟ್ಟ ಸಿಟ್ಟು ಬಂತು.

ಆರನೇ ದಿನ ಅಪ್ಪನೇ ಅಯ್ಯನವರನ್ನು ಕರೆತಂದ. ಅವರು ವಯಸ್ಸಾದವರು, ಆಯಿಗೆ ಕಲಿಸಿದವರ ಮಗ. ಕೈ ವಾಸಿಯಾಗುವ ತನಕ ಬಲಗೈಯಲ್ಲಿ ಹಿಡಿದರೂ ನಡೆಯುತ್ತದೆ, ಕೊರಳಲ್ಲೇ ಇಟ್ಟು ಮುಟ್ಟಿ ನಮಸ್ಕಾರ ಮಾಡಿದರೂ ಸಾಕು, ಮನಸ್ಸು ಮುಖ್ಯ ಎಂದು ತಿಳಿಸಿ ಹೇಳಿದರು. ಆಯಿ "ಹೂಂ ರೀ" ಎಂದಳು. ಅವರು ಚಹಾ ಕುಡಿದು ಹೋದರು, ಅಪ್ಪನಿಗೂ ಸಮಾಧಾನವಾಯಿತು. ಮರುದಿನವೂ ಆಯಿ ತಾಟು ಮುಟ್ಟಲಿಲ್ಲ. ಅಯ್ಯನವರು ಹೇಳಿದರಲ್ಲ ಎಂದು ನಾನು ಅಂದಾಗ ಅವಳು ನನ್ನ ಕಡೆ ನೋಡಲೂ ಇಲ್ಲ.

"ಅವರು ಬಿಡುಗಡಿ ಕೊಟ್ಟಾರ, ಯವ್ವಾ. ನಾ ಬೇಡಿದ್ದಿಲ್ಲ."

ಈಗ ನನಗೆ ಆಯಿಯಷ್ಟೇ ವಯಸ್ಸಾಗುತ್ತ ಬಂದಿದೆ. ಹಟ ಎನ್ನಬೇಕೋ ಭಕ್ತಿ ಎನ್ನಬೇಕೋ ಇನ್ನೂ ಗೊತ್ತಾಗಿಲ್ಲ. ಅರವತ್ತು ವರ್ಷ ದಿನಕ್ಕೊಮ್ಮೆ ಮಾಡಿದ ಒಂದು ಕೆಲಸವಿಲ್ಲದೆ ದಿನ ಶುರುವಾಗುವುದೇ ಇಲ್ಲ ಅನ್ನುವುದು ಮಾತ್ರ ಅರ್ಥವಾಗಿದೆ. ಅವಳಿಗೆ ಬೆಳಗೇ ಆಗುತ್ತಿರಲಿಲ್ಲ, ಬೆಳಗಾಗದೆ ಊಟ ಹೇಗೆ ಮಾಡಿಯಾಳು?

ಒಂಬತ್ತನೇ ದಿನ ಕಬ್ಬಿನ ಪಾಳಿ ಬಂತು. ಸಕ್ಕರೆ ಕಾರ್ಖಾನೆಯಿಂದ ನಮ್ಮ ಹೊಲಕ್ಕೆ ಕಡಿಯುವ ಗ್ಯಾಂಗು ಬಂದರೆ ಮನೆಯಲ್ಲಿ ಹೆಣ ಬಿದ್ದರೂ ಮುಂದೂಡುವಂತಿಲ್ಲ, ಪಾಳಿ ತಪ್ಪಿದರೆ ಕಬ್ಬು ಒಣಗುತ್ತದೆ. ಒಂದು ವಾರಕ್ಕೆ ಬರಬೇಕೆಂದು ಡಾಕ್ಟರು ಹೇಳಿದ್ದು ಅಪ್ಪನಿಗೆ ನೆನಪಿತ್ತು, ಆಗಲೇ ಎರಡು ದಿನ ಮೀರಿತ್ತು. ಕಬ್ಬು ಮುಗಿಯಲಿ, ಹೋಗೂಣು ಎಂದ. ಅವ್ವನೂ ಅವನೂ ಹೊಲಕ್ಕೆ ಹೋದರು. ಆಯಿಯನ್ನು ನೋಡಿಕೊಳ್ಳಲು ನನ್ನನ್ನು ಸಾಲಿ ಬಿಡಿಸಿ ಮನೆಯಲ್ಲಿ ಇಟ್ಟರು. ಅವರು ಓಣಿ ದಾಟಿದ ಮೇಲೆ ಆಯಿ ನನ್ನನ್ನು ಕರೆದು, ಒಂದು ಬೋಗುಣಿಯಲ್ಲಿ ಬಿಸಿನೀರು ತರಲು ಹೇಳಿದಳು, ಅವ್ವನ ಕೌದಿ ಹೊಲಿಯುವ ಕತ್ತರಿಯನ್ನೂ ತರಲು ಹೇಳಿದಳು. ಡಾಕ್ಟರು ಹೇಳಿದ್ದರಲ್ಲಿ ನಾವಿಬ್ಬರೂ ಚೆನ್ನಾಗಿ ನೆನಪಿಟ್ಟುಕೊಂಡದ್ದು ಒಂದೇ ಮಾತು: ನೀರು ತಾಗಿದರೆ ಕಳಚುತ್ತದೆ.

"ಅಂಗೈ ಅಷ್ಟ ಬಿಚ್ಚು, ನೀಲಾ. ಲಿಂಗ ಕುಂದರುವಷ್ಟ. ಉಳಿದದ್ದು ಹಂಗ ಇರಲಿ."

ನಾನು ಹೆದರಲಿಲ್ಲ, ಅದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ನನಗೆ ಹಿಗ್ಗಾಗಿತ್ತು. ಎಂಟು ದಿನದಿಂದ ಅವಳ ಕೊರಳಿನ ಎಲುಬು ಎದ್ದು ಕಾಣುತ್ತಿತ್ತು, ಇಡೀ ಮನೆ ಸೋತ ಕಡೆ ನಾನು ಗೆಲ್ಲುತ್ತೇನೆ ಅನ್ನಿಸಿತ್ತು. ಅಂಗೈಯ ಭಾಗ ನೆನೆಸಿ, ಮೆತ್ತಗಾದ ಮೇಲೆ ಕತ್ತರಿ ತೂರಿಸಿ ಸ್ವಲ್ಪ ಸ್ವಲ್ಪವೇ ಕತ್ತರಿಸಿದೆ. ಬಿಳಿ ಸುಣ್ಣದಂಥದ್ದು ನೀರಲ್ಲಿ ಕರಗಿ ಹಾಲಿನಂತಾಯಿತು. ಅಂಗೈ ಕಾಣಿಸಿತು, ಸುಕ್ಕುಗಟ್ಟಿ ಬೆಳ್ಳಗಾಗಿತ್ತು. ಆದರೆ ಕೈ ಮೇಲ್ಮುಖ ತಿರುಗಲಿಲ್ಲ, ಮಣಿಕಟ್ಟಿನ ಪ್ಲಾಸ್ಟರು ಅದನ್ನು ಕೆಳಕ್ಕೇ ಹಿಡಿದಿತ್ತು. ಆಯಿ ಮುಖ ಚಿಕ್ಕದು ಮಾಡಿ, ಇರಲಿ ಬಿಡು ಎಂದಳು. ಇಷ್ಟಾದ ಮೇಲೆ ಬಿಡುವುದೇ? ನಾನು ಕೇಳದೆ ಕತ್ತರಿಯನ್ನು ಮುಂದೆ ಸರಿಸಿದೆ. ಮಣಿಕಟ್ಟು ದಾಟಿ ನಾಲ್ಕು ಬೆರಳು ಮೇಲಿನವರೆಗೆ ಸೀಳಿದೆ. ಆಯಿ ಬಲಗೈಯಿಂದ ಎಡಗೈಯನ್ನು ಹಿಡಿದು ಮೆಲ್ಲಗೆ ತಿರುಗಿಸಿದಳು. ಅವಳ ಹಣೆಯಲ್ಲಿ ಬೆವರೊಡೆಯಿತು. ಅಂಗೈ ಮೇಲಾಯಿತು.

ಅವತ್ತಿನ ಪೂಜೆ ಎಷ್ಟು ಹೊತ್ತು ನಡೆಯಿತೋ. ಮುಗಿಸಿ ಅವಳು ನಾನು ಹಾಲಲ್ಲಿ ನೆನೆಸಿದ ಎರಡು ರೊಟ್ಟಿ ತಿಂದಳು, ಮೇಲೆ ಒಂದು ತುತ್ತು ಅನ್ನ ಕೇಳಿದಳು. ನನಗೆ ಅಷ್ಟು ಸುಖ ಅದಕ್ಕೂ ಮುಂಚೆ ಆಗಿರಲಿಲ್ಲ, ಆಮೇಲೂ ಅಪರೂಪವೇ. ಪೂಜೆಯಾದ ಮೇಲೆ ಕೈಯನ್ನು ಮತ್ತೆ ಕೆಳಮುಖ ಮಾಡಿ, ಸೀಳಿದ ಪ್ಲಾಸ್ಟರನ್ನು ಮುಚ್ಚಳದಂತೆ ಮುಚ್ಚಿ ಹಳೇ ಸೀರೆಯ ಪಟ್ಟಿ ಸುತ್ತುತ್ತಿದ್ದೆ, ಮೇಲೆ ಸೆರಗು. ಅವ್ವ ಬೆಳಿಗ್ಗೆಯೇ ಹೊಲಕ್ಕೆ ಹೋಗುತ್ತಿದ್ದುದರಿಂದ ಜಳಕ ಮಾಡಿಸುವವಳೂ ಈಗ ನಾನೇ. ಆಯಿ ಊಟ ಮಾಡುತ್ತಿದ್ದಾಳೆ ಎಂದು ಅಪ್ಪ ಸಮಾಧಾನಗೊಂಡ, ಅಯ್ಯನವರ ಮಾತು ತಾಗಿತು ಎಂದುಕೊಂಡ. ಅವ್ವ ಒಂದು ದಿನ ಕತ್ತರಿಯ ಸಂದಿಯಲ್ಲಿದ್ದ ಬಿಳಿ ಪುಡಿಯನ್ನು ಸೂಜಿಯಿಂದ ಕೆದರಿ ತೆಗೆಯುತ್ತಿದ್ದುದನ್ನು ಕಂಡೆ. ಅವಳು ನನ್ನ ಮುಖ ನೋಡಿದಳು. ಏನೂ ಕೇಳಲಿಲ್ಲ, ನಮ್ಮ ಮನೆಯವಳಲ್ಲವೇ.

ಕಬ್ಬು ಸಾಗಿದ ಮೇಲೆ, ಮೂರು ವಾರ ದಾಟಿತ್ತು, ಮತ್ತೆ ಆಸ್ಪತ್ರೆಗೆ ಹೋದೆವು. ಡಾಕ್ಟರು ಸೆರಗು ಸರಿಸಿ, ಸೀರೆಯ ಪಟ್ಟಿ ಬಿಚ್ಚಿ, ಸೀಳಿದ ಅಂಚನ್ನು ಬೆರಳಿನಿಂದ ತಡವಿದರು. ಯಾರು ಕತ್ತರಿಸಿದ್ದು ಎಂದು ಕೇಳಿದರು. ಅಪ್ಪ ಮುಂದೆ ಬಾಗಿ ಪ್ಲಾಸ್ಟರು ನೋಡಿದ. ಜನ್ಮದಲ್ಲಿ ಸುಳ್ಳು ಹೇಳದ ಆಯಿ, ನಾನೇ ಎಂದಳು. ಹೊಸ ಎಕ್ಸರೇಯಲ್ಲಿ ಎಲುಬಿನ ತುದಿ ಮತ್ತೆ ಹಿಂದಕ್ಕೆ ವಾಲಿತ್ತು, ಕುಗ್ಗಿತ್ತು, ಹಾಗೆಯೇ ಕೂಡಲು ಶುರುವಾಗಿತ್ತು. ಡಾಕ್ಟರು ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ಆಯಿಯ ಮುಂದೆ ಕೂತು, ಯಾಕೆ ಎಂದು ಕೇಳಿದರು. ಅವಳು ಹೇಳಿದಳು, ಬಹುಶಃ ಆ ಆಸ್ಪತ್ರೆಯಲ್ಲಿ ಅವಳು ಆಡಿದ ಮೊದಲ ಪೂರಾ ಮಾತು ಅದು. ಡಾಕ್ಟರು ಎರಡು ಪೆನ್ನು ಒಟ್ಟಿಗೆ ಹಿಡಿದು, ಒಂದನ್ನು ಇನ್ನೊಂದರ ಮೇಲೆ ಹೊರಳಿಸಿ ತೋರಿಸಿದರು. ಅಂಗೈ ಮೇಲಾಗಬೇಕಾದರೆ ಹೆಬ್ಬೆರಳಿನ ಕಡೆಯ ಎಲುಬು ಇನ್ನೊಂದನ್ನು ಸುತ್ತಿ ಹೊರಳಬೇಕು, ಅದು ಸೊಟ್ಟ ಕೂತರೆ ಹೊರಳುವುದು ಅರ್ಧಕ್ಕೇ ನಿಲ್ಲುತ್ತದೆ.

"ಅಮ್ಮಾರ, ಆರು ವಾರ ಅಂಗೈ ಕೆಳಗ ಮಾಡಿ ಇಟ್ಟಿದ್ದು, ಮುಂದ ಸಾಯೂತನಾ ನೀವು ಅದನ್ನ ಮ್ಯಾಲ ಮಾಡಾಕ ಬರಲಿ ಅಂತನ ರೀ. ಒಂದು ಮಾತು ಕೇಳಿದ್ರ ಹೇಳ್ತಿದ್ನಲ್ಲ."

ಹುಬ್ಬಳ್ಳಿಗೆ ಹೋಗಿ ಮತ್ತೆ ಮುರಿದು ಸರಿ ಮಾಡಿಸುವ ದಾರಿಯೊಂದಿದೆ, ಪೂರಾ ಸರಿಯಾಗುತ್ತದೆಂದು ಹೇಳಲಾರೆ ಎಂದರು. ಆಯಿ ಬೇಡವೆಂದಳು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಅಪ್ಪ ಒಂದು ಮಾತೂ ಆಡಲಿಲ್ಲ, ಕೂಗಾಡಿದ್ದರೆ ಚೆನ್ನಾಗಿತ್ತು. ಮನೆಗೆ ಬಂದ ಮೇಲೆ ಅವ್ವನೊಡನೆ, ಹೇಳಿದ ವಾರಕ್ಕೆ ನಾನು ಕರಕೊಂಡು ಹೋಗಿದ್ದರೆ ಹೀಗಾಗುತ್ತಿರಲಿಲ್ಲ, ಕಬ್ಬು ನನ್ನ ತಾಯಿಯ ಕೈ ತಿಂದಿತು ಎಂದ. ಅಷ್ಟೂ ಬಾಗಿಲುಗಳು ಸಾಲಾಗಿ ತೆರೆದಿದ್ದವು, ಅಡುಗೆಮನೆಯಲ್ಲಿದ್ದ ನನಗೆ ಎಲ್ಲ ಕೇಳಿಸಿತು. ನಾನು ಹೋಗಿ, ಅಪ್ಪಾ, ಕತ್ತರಿಸಿದವಳು ನಾನು ಎನ್ನಬೇಕಿತ್ತು. ಎನ್ನಲಿಲ್ಲ. ಹತ್ತು ವರ್ಷದ ಹುಡುಗಿಗೆ ಹೆದರಿಕೆ ಇರುತ್ತದೆ ಎಂದು ನೀವು ಹೇಳಬಹುದು. ಇಪ್ಪತ್ತಾದ ಮೇಲೂ ಹೇಳಲಿಲ್ಲ.

ದಾಂಡೇಲಿಯಲ್ಲಿ ನನ್ನ ಮೊಮ್ಮಗಳು ಹೋದ ವರ್ಷ ಸೈಕಲ್ಲಿನಿಂದ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಈಗಿನ ಡಾಕ್ಟರು ಎಲುಬನ್ನು ಕಂಪ್ಯೂಟರ್ ಪರದೆಯ ಮೇಲೆ ದೊಡ್ಡದು ಮಾಡಿ ತೋರಿಸುತ್ತಾರೆ. ನಾನು ಕೇಳಿದೆ: ಯಾಕೆ ಹೀಗೆ ಬಾಗಿಸಿದಿರಿ, ಎಷ್ಟು ದಿನ, ನಡುವೆ ಬಿಚ್ಚಿದರೆ ಏನಾಗುತ್ತದೆ, ತುರಿಕೆ ಬಂದರೆ ಏನು ಮಾಡಬೇಕು, ಬರೆಯುವ ಕೈ ಇದೇ, ಪರೀಕ್ಷೆ ಹೇಗೆ, ಬಿಚ್ಚಿದ ಮೇಲೆ ಏನು ವ್ಯಾಯಾಮ. ಸೊಸೆ ನನ್ನ ಸೆರಗು ಜಗ್ಗಿದಳು. ಹೊರಗೆ ಸಾಲಿನಲ್ಲಿದ್ದವರು ಗೊಣಗಿದರು. ನಮ್ಮ ಬಡಾವಣೆಯ ಆಸ್ಪತ್ರೆಯಲ್ಲಿ ನನ್ನನ್ನು ನೋಡಿದರೆ ನರ್ಸುಗಳು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆಂಬುದು ನನಗೆ ಗೊತ್ತು. ನೋಡಿಕೊಳ್ಳಲಿ. ಕೊನೆಗೆ ನಾನೇ ಡಾಕ್ಟರಿಗೆ ಹೇಳಿದೆ, ಈ ಹುಡುಗಿ ಈ ಕೈಯಲ್ಲಿ ಏನೇನು ಮಾಡುತ್ತಾಳೆ ಅಂತ ನೀವೂ ಒಮ್ಮೆ ಕೇಳಿ ಎಂದು.

ಪ್ಲಾಸ್ಟರು ಪೂರಾ ತೆಗೆದ ಮೇಲೆ ಆಯಿಗೆ ಹೇಳಿದ ವ್ಯಾಯಾಮವನ್ನು ನಾನೇ ಮಾಡಿಸಿದೆ. ಉಗುರುಬೆಚ್ಚನೆಯ ನೀರಲ್ಲಿ ಕೈ ಇಟ್ಟು ಬೆರಳು ಮಡಚುವುದು, ಬಟ್ಟೆಯ ಉಂಡೆ ಹಿಂಡುವುದು, ಮೊಣಕೈ ಪಕ್ಕೆಗೆ ಒತ್ತಿ ಲಟ್ಟಣಿಗೆಯ ನಡು ಹಿಡಿದು ಆಚೆ ಈಚೆ ತಿರುಗಿಸುವುದು. ಎಣಿಸುವವಳು ನಾನು. ಹಿಡಿತ ಮರಳಿತು, ರೊಟ್ಟಿ ಬಡಿದಳು, ಎಮ್ಮೆಯನ್ನೂ ಹಿಂಡಿದಳು. ಅಂಗೈ ಮಾತ್ರ ಅರ್ಧ ತಿರುಗಿ ನಿಂತುಬಿಡುತ್ತಿತ್ತು, ಹೆಬ್ಬೆರಳು ಮೇಲಾಗಿ, ಇಳಿಜಾರಿನಂತೆ. ಲಿಂಗ ಜಾರುತ್ತಿತ್ತು. ಅವಳು ಅದಕ್ಕೆ ತನ್ನದೇ ಉಪಾಯ ಕಂಡುಕೊಂಡಳು. ಮೊಣಕೈಯನ್ನು ಪಕ್ಕೆಯಿಂದ ಹೊಟ್ಟೆಯ ಕಡೆಗೆ ತಂದು, ಇಡೀ ಮೈಯನ್ನು ಎಡಕ್ಕೆ ವಾಲಿಸಿ ಕೂರುತ್ತಿದ್ದಳು. ಆಗ ಅಂಗೈ ಒಂದಿಷ್ಟು ಸಮವಾಗುತ್ತಿತ್ತು. ಅರ್ಧ ಗಳಿಗೆ ಹಾಗೆ ಕೂತು ಏಳುವಾಗ ಸೊಂಟ ಹಿಡಿದುಕೊಂಡು ಏಳುತ್ತಿದ್ದಳು. ಬಂದ ನೆಂಟರು ಬೆನ್ನುನೋವಿಗೆ ಎಣ್ಣೆ ಹೇಳಿ ಹೋಗುತ್ತಿದ್ದರು. ನಾನು ದಿನಾ ಪಕ್ಕದಲ್ಲಿ ಕೂತು ನನ್ನ ಕತ್ತರಿ ಮಾಡಿದ್ದನ್ನು ನೋಡುತ್ತಿದ್ದೆ.

ಒಂದು ಚಳಿಗಾಲದ ಬೆಳಿಗ್ಗೆ ಅವಳ ಕೈ ನಡುಗಿತು, ಲಿಂಗ ಅಂಚಿಗೆ ಸರಿಯಿತು. ನಾನು ಯೋಚಿಸದೆ ನನ್ನ ಅಂಗೈಯನ್ನು ಅವಳ ಅಂಗೈಯ ಕೆಳಗೆ ಒಡ್ಡಿದೆ. ಇಳಿಜಾರು ತುಂಬಿತು, ಲಿಂಗ ನಡುವೆ ನಿಂತಿತು. ಅವಳು ಕೈ ಎಳೆದುಕೊಳ್ಳುತ್ತಾಳೆ ಎಂದುಕೊಂಡೆ, ಎಳೆದುಕೊಳ್ಳಲಿಲ್ಲ. ವಾಲಿದ ಮೈಯನ್ನು ಮೆಲ್ಲಗೆ ನೆಟ್ಟಗೆ ಮಾಡಿಕೊಂಡಳು. ಅವಳ ಮಣಿಕಟ್ಟಿನ ಗಂಟು ನನ್ನ ಮಣಿಕಟ್ಟಿಗೆ ಒತ್ತುತ್ತಿತ್ತು. ಆಗ ನನಗೆ ತಡೆಯಲಾಗಲಿಲ್ಲ. ನೀ ಅಂಗೈ ಅಷ್ಟೇ ಅಂದಿದ್ದಿ, ಮುಂದೆ ಸೀಳಿದ್ದು ನಾನು, ನೀ ಬಿಡು ಅಂದರೂ ಬಿಡಲಿಲ್ಲ ಎಂದು ಅಳುತ್ತ ಹೇಳಿಬಿಟ್ಟೆ. ಅವಳು ಲಿಂಗದಿಂದ ಕಣ್ಣು ತೆಗೆಯಲಿಲ್ಲ.

"ಗೊತ್ತೈತಿ. ತಿರುವಿದಾಕಿ ನಾನ ಅಲ್ಲೇನು? ಈಗ ಅಳಬ್ಯಾಡ, ಕೈ ಅಲುಗತೈತಿ."

ಅಲ್ಲಿಂದ ಮುಂದೆ, ನನ್ನ ಮದುವೆಯಾಗುವ ತನಕ, ಪ್ರತಿ ಬೆಳಿಗ್ಗೆ ಅವಳ ಕೈಯ ಕೆಳಗೆ ನನ್ನ ಕೈ ಇತ್ತು. ಸಾಲಿಗೆ ತಡವಾಯಿತು, ಹಳಿಯಾಳದ ಕಾಲೇಜಿನ ಬಸ್ಸು ತಪ್ಪಿತು, ಸೋದರತ್ತೆಯ ಊರಿಗೆ ಹೋಗುವುದನ್ನು ಬಿಟ್ಟೆ. ಜಾತ್ರೆ ಮದುವೆಗಳಿಗೆ ನಾವಿಬ್ಬರೂ ಜೊತೆಯಾಗಿಯೇ ಹೋಗುತ್ತಿದ್ದೆವು, ಇಲ್ಲವಾದರೆ ಇಬ್ಬರೂ ಹೋಗುತ್ತಿರಲಿಲ್ಲ. ಅಪ್ಪ ಅಡುಗೆಮನೆಯ ಬಾಗಿಲಲ್ಲಿ ಚಹಾಕ್ಕೆ ಬಂದವನು ನಮ್ಮನ್ನು ನೋಡಿ ಹಿಂದಕ್ಕೆ ಹೋಗುತ್ತಿದ್ದ. ಅವನು ಪೂಜೆಗೆ ಕೂರುವ ಪೈಕಿ ಅಲ್ಲ. ಕೊರಳಲ್ಲಿ ಲಿಂಗ ಇತ್ತು, ಜಳಕವಾದ ಮೇಲೆ ಮುಟ್ಟಿ ಕಣ್ಣಿಗೊತ್ತಿಕೊಂಡರೆ ಮುಗಿಯಿತು. ಆ ಕೈಯ ವಿಷಯವನ್ನು ಅವನು ಆಸ್ಪತ್ರೆಯಿಂದ ವಾಪಸ್ಸು ಬಂದ ದಿನದ ಮೇಲೆ ತಾಯಿಯ ಎದುರು ಎತ್ತಲೇ ಇಲ್ಲ.

ಮದುವೆ ಗೊತ್ತಾದಾಗ ನನಗಿದ್ದದ್ದು ಒಂದೇ ಚಿಂತೆ. ಗಂಡ ಹೇಗಿದ್ದಾನೆ, ದಾಂಡೇಲಿಯ ಮನೆ ಹೇಗಿದೆ ಎಂಬುದಲ್ಲ. ನಾನು ಹೋದ ಮೇಲೆ ಆಯಿ ಮತ್ತೆ ವಾಲಿಕೊಂಡು ಕೂರಬೇಕು, ಆ ವಯಸ್ಸಿಗೆ ಆಗದು, ಕೂರಲಾಗದಿದ್ದರೆ ಮತ್ತೆ ಮಜ್ಜಿಗೆಯ ಬಟ್ಟಲಿಗೆ ಬರುತ್ತಾಳೆ. ಅವ್ವ ಒಲೆಯ ಮುಂದಿನಿಂದ ಏಳುವಂತಿರಲಿಲ್ಲ, ಆ ಹೊತ್ತಿಗೆ ಹೊಲಕ್ಕೆ ಬುತ್ತಿ ಕಟ್ಟಬೇಕು. ಆಯಿಗೆ ಹೇಳಿದರೆ, ನಿನ್ನ ಸಂಸಾರ ನೀ ನೋಡು ಎಂದು ಮಾತು ಮುಗಿಸುತ್ತಿದ್ದಳು. ನಾನು ಯಾರನ್ನೂ ಕೇಳಲಿಲ್ಲ. ಇಷ್ಟೆಲ್ಲ ಆದ ಮೇಲೂ ಬಾಯಿ ಬರಲಿಲ್ಲ ನೋಡಿ.

ಗಂಡನ ಮನೆಗೆ ಹೊರಡುವ ದಿನ ಬೆಳಿಗ್ಗೆ ಹೆಂಗಸರು ನನ್ನನ್ನು ನಡುಮನೆಯಲ್ಲಿ ಕೂಡಿಸಿಕೊಂಡು ತಲೆ ಬಾಚುವುದು, ಹೂ ಮುಡಿಸುವುದು ಮಾಡುತ್ತ ಬಿಡಲೇ ಇಲ್ಲ. ಹೊತ್ತು ಮೀರಿತು. ಕೊನೆಯ ದಿನವೂ ಕೈ ಕೊಡಲಾಗಲಿಲ್ಲವಲ್ಲ ಎಂದು ಹೊಸ ಸೀರೆ ಎತ್ತಿ ಹಿಡಿದು ಅಡುಗೆಮನೆಗೆ ಓಡಿದೆ, ಬಾಗಿಲಲ್ಲೇ ನಿಂತೆ. ಆಯಿ ಮಣೆಯ ಮೇಲೆ ನೆಟ್ಟಗೆ ಕೂತಿದ್ದಳು. ಅವಳ ಎಡಕ್ಕೆ, ನನ್ನ ಜಾಗದಲ್ಲಿ, ಅಪ್ಪ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಮದುವೆ ಮನೆಯ ಯಜಮಾನ, ಮೈಮೇಲೆ ಇಸ್ತ್ರಿಯ ಅಂಗಿ, ಜಳಕ ಮಾಡಿ ಹಣೆಗೆ ವಿಭೂತಿ ಹಚ್ಚಿದ್ದ. ಕಬ್ಬಿನ ರವದಿಯ ಒಣಗರಿ ಕೊಯ್ದು ಗೀರಾದ ಅವನ ಅಂಗೈ ಅವಳ ಅಂಗೈಯ ಕೆಳಗಿತ್ತು. ಅದು ಒಂದೆರಡು ಬೆರಳು ತಗ್ಗಿನಲ್ಲಿತ್ತು, ಲಿಂಗ ಇನ್ನೂ ಓರೆಯಾಗಿತ್ತು. ಅವನಿಗೆ ಅದು ತಿಳಿಯುತ್ತಿತ್ತು, ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ. ಅವನು ತಲೆ ಎತ್ತಿ ನನ್ನನ್ನು ನೋಡಿದ.

"ಎಷ್ಟು ಮ್ಯಾಲ ಹಿಡೀಬೇಕು, ನೀಲಾ?"